ಕಾಸರಗೋಡಿನ ಫೋನ್ ಲೈನಿಗೆ ವಿಸ್ಪರ್ ಸಿಪಿಪಿ ಸರ್ವರ್: ಕನ್ನಡ ಕೇಳಿಸುತ್ತದೆ, ಸೆಟ್ಟಿಂಗ್ ಸರಿಯಿದ್ದರೆ

ಬದಿಯಡ್ಕ, ಮುಳ್ಳೇರಿಯ, ಉಪ್ಪಳದ ಕಡೆಯಿಂದ ಅಡಿಕೆ ರೇಟು ಕೇಳಿ ಬರುವ ಕರೆಗಳಿಗೆ ಆಸ್ಟರಿಸ್ಕ್ (ಫೋನ್ ಕರೆ ನಿಭಾಯಿಸುವ ತಂತ್ರಾಂಶ) ತಾನೇ ಉತ್ತರ ಕೊಡಬೇಕು, ಅದೂ ಸ್ವಂತ ಯಂತ್ರದಲ್ಲಿ, ತಿಂಗಳ ಬಾಡಿಗೆ ಇಲ್ಲದೆ ಎಂದರೆ ನಮ್ಮ ಮೊದಲ ಆಯ್ಕೆ ವಿಸ್ಪರ್ ಸಿಪಿಪಿ, ಅಂದರೆ ಮಾತನ್ನು ಬರಹಕ್ಕಿಳಿಸುವ ‘ವಿಸ್ಪರ್’ ಮಾಡೆಲನ್ನು ನಮ್ಮದೇ ಯಂತ್ರದಲ್ಲಿ ಓಡಿಸುವ ತಂತ್ರಾಂಶ. ಇಂಥದ್ದೇ ಇನ್ನೊಂದು ತಂತ್ರಾಂಶ ವೋಸ್ಕ್ ಇದಕ್ಕಿಂತ ಹಗುರ, ಮಾತು ಮುಗಿಯುವ ಮೊದಲೇ ಪದ ಕೊಡುತ್ತದೆ. ಆದರೆ ಅದರಲ್ಲಿ ಹಿಂದಿ, ತೆಲುಗು, ಗುಜರಾತಿ ಮಾಡೆಲ್‌ಗಳಿವೆ, ಕನ್ನಡದ್ದಿಲ್ಲ. ಅಲ್ಲಿಗೆ ಆ ಮಾತು ಮುಗಿಯಿತು.

ಇನ್‌ಸ್ಟಾಲ್ ಸುಲಭ: ಗಿಟ್‌ನಿಂದ ಇಳಿಸಿ, ಸಿಮೇಕ್‌ನಿಂದ ಬಿಲ್ಡ್ ಮಾಡಿದರೆ ಸರ್ವರ್ ಸಿದ್ಧ. ತಲೆಬಿಸಿ ಶುರುವಾಗುವುದು ಮಾಡೆಲ್ ಆರಿಸುವಾಗ. ಮೂಲ ವಿಸ್ಪರ್ ಕಲಿತದ್ದು 6,80,000 ಗಂಟೆಗಳ ಧ್ವನಿಯಿಂದ. ಅದರಲ್ಲಿ ಕನ್ನಡದಲ್ಲೇ ಬರೆದಿಟ್ಟ ಭಾಗ ಬೆರಳೆಣಿಕೆಯ ಗಂಟೆಗಳಷ್ಟು. ಹಾಗಾಗಿ ‘ಸ್ಮಾಲ್’ ಮಾಡೆಲ್ (466 ಎಂಬಿ) ಕನ್ನಡಕ್ಕೆ ಸಾಲದು. ‘ಮೀಡಿಯಂ’ (1.5 ಜಿಬಿ, ಓಡುವಾಗ ಸುಮಾರು 2.1 ಜಿಬಿ ಮೆಮರಿ) ತೆಗೆದುಕೊಳ್ಳಿ. ಇನ್ನೂ ಒಳ್ಳೆಯದೆಂದರೆ ಐಐಟಿ ಮದ್ರಾಸಿನ ಸ್ಪೀಚ್ ಲ್ಯಾಬ್ ಕನ್ನಡಕ್ಕೆಂದೇ ಮತ್ತೆ ಕಲಿಸಿದ ವಿಸ್ಪರ್ ಮಾಡೆಲ್‌ಗಳು. ‘ಮಾಡೆಲ್ಸ್’ ಫೋಲ್ಡರಿನಲ್ಲಿರುವ ಪೈಥಾನ್ ಸ್ಕ್ರಿಪ್ಟಿನಿಂದ ಅವನ್ನು ಜಿಜಿಎಂಎಲ್ (ವಿಸ್ಪರ್ ಸಿಪಿಪಿ ಓದಬಲ್ಲ ಫೈಲ್) ರೂಪಕ್ಕೆ ಬದಲಿಸಿಕೊಳ್ಳಬೇಕು. ಇಂಥ ಮಾಡೆಲ್‌ಗಳಲ್ಲಿ ಸಮಯದ ಗುರುತು ಕೆಡುವುದುಂಟು. ‘-ಎನ್‌ಟಿ’ ಹಾಕಿ ಅದನ್ನು ನಿಲ್ಲಿಸಿಬಿಡಿ.

ಇನ್ನು ಕಮಾಂಡ್ (ಅಕ್ಷರಗಳೆಲ್ಲ ಇಂಗ್ಲಿಷಿನ ಸಣ್ಣಕ್ಷರಗಳು). ‘-ಎಂ’ ಮುಂದೆ ಮಾಡೆಲ್ ಫೈಲಿನ ಪಾತ್, ‘-ಟಿ’ ಮುಂದೆ ಪ್ರೊಸೆಸರಿನ ನಿಜವಾದ ಕೋರ್‌ಗಳ ಸಂಖ್ಯೆ, ‘-ಎಲ್’ ಮುಂದೆ ‘ಕೆಎನ್’. ಈ ಕೊನೆಯದನ್ನು ಬಿಟ್ಟರೆ ಸರ್ವರ್ ಎಲ್ಲವನ್ನೂ ಇಂಗ್ಲಿಷ್ ಎಂದುಕೊಳ್ಳುತ್ತದೆ, ಕನ್ನಡದ ಮಾತಿಗೆ ಇಂಗ್ಲಿಷ್ ವಾಕ್ಯ ಬರುತ್ತದೆ. ‘ಆಟೋ’ ಕೊಡುವುದು ನಮ್ಮ ಕಡೆಗೆ ಇನ್ನೂ ಅಪಾಯ. ಎರಡೇ ಪದದ ಮಾತಿನಲ್ಲಿ ಭಾಷೆಯ ಊಹೆ ತಪ್ಪಿ ಉತ್ತರ ಮಲಯಾಳಂ ಲಿಪಿಗೆ ಜಾರಬಹುದು. ಕನ್ನಡಕ್ಕೆ 1, ಮಲಯಾಳಂಗೆ 2 ಒತ್ತಿಸಿ, ಆಯಾ ರಿಕ್ವೆಸ್ಟಿನಲ್ಲೇ ‘ಲ್ಯಾಂಗ್ವೇಜ್’ ಫೀಲ್ಡ್ ಕಳಿಸಿದರೆ ಮೂಲ ಮಾಡೆಲ್ ಒಂದರಲ್ಲೇ ಎರಡೂ ಸಾಗುತ್ತವೆ. ತುಳು ವಿಸ್ಪರ್‌ನ ಭಾಷಾಪಟ್ಟಿಯಲ್ಲೇ ಇಲ್ಲ. ತುಳುವಿನಲ್ಲಿ ಕೇಳಿದವರಿಗೆ ಕೀಪ್ಯಾಡ್ ದಾರಿ ಇಡಲೇಬೇಕು.

ರೆಕಾರ್ಡಿಂಗಿನಲ್ಲಿ ಒಂದು ಹೊಂಡ ಇದೆ. ಆಸ್ಟರಿಸ್ಕ್‌ನಲ್ಲಿ ಫೈಲಿನ ಕೊನೆಗೆ ದೊಡ್ಡಕ್ಷರದಲ್ಲಿ ‘ವೇವ್’ (ಡಬ್ಲ್ಯೂ-ಎ-ವಿ) ಬರೆದರೆ ಅದು ಜಿಎಸ್‌ಎಂನಲ್ಲಿ ಅದುಮಿದ ಧ್ವನಿ, ವ್ಯಂಜನಗಳೆಲ್ಲ ಮಸುಕು. ಸಣ್ಣಕ್ಷರದಲ್ಲೇ ಬರೆಯಿರಿ, ಅದು 8 ಕಿಲೋಹರ್ಟ್ಜ್, 16 ಬಿಟ್. ಧ್ವನಿ ಫೈಲಿನ ರೂಪ ಬದಲಿಸುವ ಎಫ್‌ಎಫ್‌ಎಂಪೆಗ್‌ನಿಂದ 16 ಕಿಲೋಹರ್ಟ್ಜ್, ಮೋನೋ ಮಾಡಿ ಕಳಿಸಿ. ವಿಸ್ಪರ್ ಸಿಪಿಪಿಯ ಹಳೆ ಆವೃತ್ತಿಗಳು ಬೇರೆ ದರದ ಫೈಲನ್ನು ಮುಟ್ಟುವುದೇ ಇಲ್ಲ. ಆಸ್ಟರಿಸ್ಕ್‌ನ ‘ರೆಕಾರ್ಡ್’ ಕಮಾಂಡಿನಲ್ಲಿ 2 ಸೆಕೆಂಡ್ ಮೌನಕ್ಕೆ ನಿಲ್ಲುವಂತೆ, ಒಟ್ಟು 10 ಸೆಕೆಂಡ್ ಮೀರದಂತೆ ಇಡಿ. ಉದ್ದ ಮೌನ ಕೊಟ್ಟರೆ ವಿಸ್ಪರ್ ಯಾರೂ ಆಡದ ಮಾತನ್ನು ತಾನೇ ಹುಟ್ಟಿಸುತ್ತದೆ, ಒಂದೇ ಪದವನ್ನು ಮತ್ತೆ ಮತ್ತೆ ಬರೆಯುತ್ತದೆ.

‘ಪ್ರಾಂಪ್ಟ್’ ಆಯ್ಕೆ ಇಲ್ಲಿ ಬಹಳ ಉಪಕಾರಿ. ‘ಚಾಲಿ, ಡಬಲ್ ಚೋಲ್, ಪಟೋರ, ಕೋಕ, ಕರಿಗೋಟು, ಉಳ್ಳಿಗಡ್ಡೆ’ ಎಂದು ಅಡಿಕೆಯ ದರ್ಜೆಗಳನ್ನು ಮೊದಲೇ ಕೊಟ್ಟರೆ ವಿಸ್ಪರ್ ಆ ಪದಗಳ ಕಡೆಗೆ ವಾಲುತ್ತದೆ. ಮಿತಿ 224 ಟೋಕನ್ (ಮಾಡೆಲ್ ಬರಹವನ್ನು ಒಡೆದುಕೊಳ್ಳುವ ತುಣುಕು), ಕನ್ನಡದ ಒಂದಕ್ಷರವೇ ಒಂದಕ್ಕಿಂತ ಹೆಚ್ಚು ಟೋಕನ್ ತಿನ್ನುತ್ತದೆ. ಮಿತಿ ದಾಟಿದರೆ ಬಿದ್ದುಹೋಗುವುದು ಪಟ್ಟಿಯ ತಲೆಭಾಗ, ಆದ್ದರಿಂದ ಮುಖ್ಯ ಪದ ಕೊನೆಗಿರಲಿ. ಬಂದ ಉತ್ತರವನ್ನು ನಿಮ್ಮ ಪಟ್ಟಿಗೆ ಹೋಲಿಸಿ ಹತ್ತಿರದ್ದನ್ನು ಆರಿಸುವಾಗಲೂ ಜಾಗ್ರತೆ ಬೇಕು. ಕೋಕ ಅಡಿಕೆಯ ಒಂದು ದರ್ಜೆ, ಕೋಕೋ ಬೇರೆಯೇ ಬೆಳೆ, ಎರಡನ್ನೂ ಅದೇ ಕೃಷಿಕರು ಮಾರುತ್ತಾರೆ. ನಡುವೆ ಇರುವುದು ಒಂದು ಸ್ವರದ ವ್ಯತ್ಯಾಸ, ಫೋನಿನಲ್ಲಿ ಅದು ನಿಲ್ಲುವುದಿಲ್ಲ. ‘ಅಡಿಕೆಯಾ, ಕೋಕೋವಾ?’ ಎಂದು ಮೊದಲು ಕೇಳಿಸಿ, ಆಮೇಲೆ ದರ್ಜೆ ಕೇಳಿ. ಕ್ವಿಂಟಲ್, ಕಿಲೋ ಲೆಕ್ಕವನ್ನು ಬಾಯಿಂದ ಪಡೆಯಲು ಹೋಗಲೇಬೇಡಿ, ಅಂಕಿ ಒತ್ತಿಸಿ.

ದೊಡ್ಡ ಕೊರತೆ ವೇಗ. ಮಾತು 3 ಸೆಕೆಂಡಿನದಾದರೂ ವಿಸ್ಪರ್ 30 ಸೆಕೆಂಡಿನ ಮಾತಿಗೆ ಬೇಕಾದಷ್ಟು ಕೆಲಸ ಮಾಡುತ್ತದೆ. ‘-ಎಸಿ’ಗೆ 512 ಕೊಟ್ಟರೆ ಅದು ಸುಮಾರು 10 ಸೆಕೆಂಡಿಗೆ ಇಳಿಯುತ್ತದೆ; ತಪ್ಪು ಸ್ವಲ್ಪ ಹೆಚ್ಚಬಹುದು, ನಿಮ್ಮದೇ ರೆಕಾರ್ಡಿಂಗ್ ಹಾಕಿ ನೋಡಿ. ಒಂದು ಸರ್ವರ್ ಒಂದು ಸಲಕ್ಕೆ ಒಂದೇ ರಿಕ್ವೆಸ್ಟ್ ತೆಗೆದುಕೊಳ್ಳುವುದರಿಂದ ಎರಡನೇ ಕರೆ ಕಾಯುತ್ತದೆ. 8081, 8082 ಪೋರ್ಟ್‌ಗಳಲ್ಲಿ ಎರಡು ಸರ್ವರ್ ಓಡಿಸಿ, ಕೋರ್‌ಗಳನ್ನು ಹಂಚಿಕೊಡಿ. ಪಾಸ್‌ವರ್ಡ್ ವ್ಯವಸ್ಥೆ ಇದರಲ್ಲಿಲ್ಲ. ಹೊರಗಿನ ಯಂತ್ರಗಳು ತಲುಪದಂತೆ ಹೋಸ್ಟ್ ವಿಳಾಸ 127.0.0.1 ಆಗಿಯೇ ಇರಲಿ. ಕರೆಂಟು ಹೋಗಿ ಬಂದಾಗ ತಾನಾಗಿ ಏಳುವಂತೆ ಸಿಸ್ಟಂಡಿ (ಲಿನಕ್ಸ್‌ನಲ್ಲಿ ಪ್ರೋಗ್ರಾಂಗಳನ್ನು ಶುರುಮಾಡುವ ವ್ಯವಸ್ಥೆ) ಸರ್ವಿಸಾಗಿ ‘ಎನೇಬಲ್’ ಮಾಡಿಡಿ, ಮಳೆಗಾಲದಲ್ಲಿ ಇದು ದಿನನಿತ್ಯದ ಅಗತ್ಯ.

ಒಂದೆರಡು ಲೈನಿನ ಸಹಕಾರಿ ಸಂಘಕ್ಕೆ, ಅಡಿಕೆ ಅಂಗಡಿಗೆ ಧೈರ್ಯವಾಗಿ ಹಾಕಬಹುದು. ಹತ್ತಾರು ಕರೆ ಒಟ್ಟಿಗೆ ಬರುವಲ್ಲಿ ಜಿಪಿಯು (ಗ್ರಾಫಿಕ್ಸ್ ಪ್ರೊಸೆಸರ್) ಇಲ್ಲದೆ ಇದಕ್ಕೆ ಕೈಹಾಕಬೇಡಿ.