ಸಿಪ್ಯಾಪ್ ಮಾಸ್ಕ್: ಮೂರು ಬಗೆ, ಮೂರು ತರಹದ ಸೋರಿಕೆ

ನಿದ್ದೆಯಲ್ಲಿ ಉಸಿರು ಮತ್ತೆ ಮತ್ತೆ ಕಟ್ಟುವ ಸ್ಲೀಪ್ ಆಪ್ನಿಯಾಕ್ಕೆ ಸಿಪ್ಯಾಪ್ ಯಂತ್ರ ಕೊಳ್ಳುವವರು ಯಾವ ಯಂತ್ರ ಒಳ್ಳೆಯದೆಂದು ಹತ್ತು ಕಡೆ ವಿಚಾರಿಸುತ್ತಾರೆ, ಮಾಸ್ಕ್ ಮಾತ್ರ ಕೊಟ್ಟದ್ದನ್ನು ತೆಗೆದುಕೊಂಡು ಬರುತ್ತಾರೆ. ರಾತ್ರಿ ಕೆಡುವುದು ಅಲ್ಲೇ. ನಿದ್ದೆಯಲ್ಲಿ ಗಂಟಲಿನ ದಾರಿ ಕುಸಿಯದಂತೆ ಯಂತ್ರ ಒತ್ತಡದಲ್ಲಿ ಗಾಳಿ ಕಳಿಸುತ್ತದೆ. ಆ ಗಾಳಿ ಕೆನ್ನೆಯ ಸಂದಿಯಿಂದಲೋ ತೆರೆದ ಬಾಯಿಂದಲೋ ಹೊರಟುಹೋದರೆ ಗಂಟಲಿಗೆ ಬೇಕಾದಷ್ಟು ಒತ್ತಡ ಸಿಗುವುದಿಲ್ಲ, ಉಸಿರು ಮತ್ತೆ ಕಟ್ಟುತ್ತದೆ.

ನಾಸಲ್ ಮಾಸ್ಕ್, ನಾಸಲ್ ಪಿಲ್ಲೋ, ಫುಲ್ ಫೇಸ್ ಮಾಸ್ಕ್ ಈ ಮೂರನ್ನೂ ಒಂದೇ ಯಂತ್ರಕ್ಕೆ, ಒಂದೇ ಒತ್ತಡಕ್ಕೆ ಜೋಡಿಸಿ ವಾರಗಟ್ಟಲೆ ಮಲಗಿ ನೋಡಿದ್ದೇನೆ. ಒಂದಿಷ್ಟೂ ಸೋರದ ಮಾಸ್ಕ್ ಸಿಗಲಿಲ್ಲ. ಹಾಗಾಗಿ ನಾನು ಅಳೆದದ್ದು ಒಂದೇ ಪ್ರಶ್ನೆಯಿಂದ: ನಡುರಾತ್ರಿ ಸೋರತೊಡಗಿದಾಗ, ಕಣ್ಣು ಬಿಡದೆ, ಒಂದೇ ಕೈಯಲ್ಲಿ ಅದನ್ನು ಸರಿಪಡಿಸಿ ನಿದ್ದೆಗೆ ಮರಳಲು ಆಗುತ್ತದೆಯೇ?

ಮಾಸ್ಕಿನ ಸಣ್ಣ ರಂಧ್ರಗಳಿಂದ ಸದಾ ಹೊರಬರುವ ಗಾಳಿ ಈ ಲೆಕ್ಕಕ್ಕೆ ಸೇರುವುದಿಲ್ಲ. ನಾವು ಬಿಟ್ಟ ಉಸಿರಿನ ಇಂಗಾಲದ ಡೈಆಕ್ಸೈಡ್ ಹೊರಹೋಗಲೆಂದೇ ಇಟ್ಟ ದಾರಿ ಅದು. ಅದನ್ನು ಎಂದೂ ಮುಚ್ಚಬಾರದು. ರೆಸ್‌ಮೆಡ್ ಕಂಪನಿಯ ಯಂತ್ರಗಳು ಈ ಪಾಲನ್ನು ಕಳೆದು, ಬೇಡದ ಸೋರಿಕೆಯನ್ನಷ್ಟೇ ತೋರಿಸುತ್ತವೆ. ನಿಮಿಷಕ್ಕೆ 24 ಲೀಟರ್ ದಾಟಿದರೆ ಹೆಚ್ಚೆಂದು ಅರ್ಥ. ಮಾಸ್ಕ್ ಬದಲಿಸಿದ ದಿನವೇ ಯಂತ್ರದ ಸೆಟ್ಟಿಂಗ್‌ನಲ್ಲೂ ಅದರ ಬಗೆಯನ್ನು ಬದಲಿಸಬೇಕು, ಇಲ್ಲವಾದರೆ ಈ ಲೆಕ್ಕ ತಪ್ಪುತ್ತದೆ.

ನಾಸಲ್ ಮಾಸ್ಕ್ ಮೂಗನ್ನಷ್ಟೇ ಮುಚ್ಚುತ್ತದೆ. ಇದು ಸೋರುವ ಜಾಗ ಮೂಗಿನ ಸೇತುವೆಯ ಎರಡು ಬದಿ, ಅಂದರೆ ನೇರವಾಗಿ ಕಣ್ಣಿಗೆ. ಬೆಳಿಗ್ಗೆ ಕಣ್ಣು ಕೆಂಪಾಗಿ ಉರಿಯುತ್ತಿದ್ದರೆ ಮೊದಲು ಇದನ್ನೇ ಅನುಮಾನಿಸಬೇಕು. ಪಟ್ಟಿಯನ್ನು ಇನ್ನಷ್ಟು ಬಿಗಿಯಬೇಕೆಂದು ಕೈ ತಾನಾಗಿಯೇ ಹೋಗುತ್ತದೆ, ಆದರೆ ಬಿಗಿದಷ್ಟೂ ಸೋರಿಕೆ ಹೆಚ್ಚಬಹುದು. ಮುಖಕ್ಕೆ ತಾಗುವ ಸಿಲಿಕೋನ್ ಕುಶನ್‌ಗೆ ಸಾಮಾನ್ಯವಾಗಿ ಎರಡು ಪದರ. ಒಳಗಿನ ಗಾಳಿ ತೆಳುವಾದ ಪದರವನ್ನು ಉಬ್ಬಿಸಿ ಚರ್ಮಕ್ಕೆ ಒತ್ತಿದಾಗಲೇ ಅದು ಹಿಡಿಯುವುದು. ಪಟ್ಟಿ ಬಿಗಿದರೆ ಪದರ ಮಡಚಿಕೊಂಡು ಸಂದಿ ಬೀಳುತ್ತದೆ. ನನಗೆ ಕೈಹಿಡಿದ ಉಪಾಯ ಇಷ್ಟೇ: ಗಾಳಿ ಬರುತ್ತಿರುವಾಗಲೇ ಮಾಸ್ಕನ್ನು ಎರಡು ಬೆರಳಲ್ಲಿ ಹಿಡಿದು ಮುಖದಿಂದ ಒಂದಿಷ್ಟು ಮುಂದಕ್ಕೆ ಎಳೆಯುವುದು, ಕುಶನ್ ಉಬ್ಬಿದ ಮೇಲೆ ಮೆಲ್ಲನೆ ಮತ್ತೆ ಕೂರಿಸುವುದು. ನಿದ್ದೆಗಣ್ಣಲ್ಲೂ ಆಗುವ ಕೆಲಸ.

ಇದಕ್ಕಿಂತ ಚೆನ್ನಾಗಿ ನನಗೆ ಒಗ್ಗಿದ್ದು ನಾಸಲ್ ಪಿಲ್ಲೋ. ಮೂಗಿನ ಎರಡು ಹೊಳ್ಳೆಗಳ ಬಾಯಿಗೆ ಕೂರುವ ಪುಟ್ಟ ಸಿಲಿಕೋನ್ ಕುಶನ್‌ಗಳು ಇವು. ಮುಖಕ್ಕೆ ತಾಗುವ ಜಾಗವೇ ಕಡಿಮೆಯಾದ್ದರಿಂದ ಸೋರುವ ಜಾಗವೂ ಕಡಿಮೆ. ನಾನು ಮಗ್ಗುಲಾಗಿ ಮಲಗುವವನು. ಉಳಿದೆರಡು ಮಾಸ್ಕ್‌ಗಳನ್ನು ದಿಂಬು ಪಕ್ಕಕ್ಕೆ ತಳ್ಳಿಬಿಡುತ್ತದೆ, ಇದನ್ನು ಅಷ್ಟಾಗಿ ತಳ್ಳುವುದಿಲ್ಲ. ಸೋರಿದಾಗ ಸಣ್ಣ ಸಿಳ್ಳೆಯ ಸದ್ದು ಬರುತ್ತದೆ, ಒಂದು ಬೆರಳಲ್ಲಿ ಒತ್ತಿದರೆ ನಿಲ್ಲುತ್ತದೆ. ಕಣ್ಣಿಗೆ ಗಾಳಿ ಬಡಿಯುವ ಕಾಟವಿಲ್ಲ. ಆದರೆ ಮೊದಲ ದಿನಗಳಲ್ಲಿ ಹೊಳ್ಳೆಯ ಅಂಚು ಕೆಂಪಾಗಿ ನೋಯುತ್ತದೆ. ಒಂದು ಅಳತೆ ದೊಡ್ಡದನ್ನು ಹಾಕಿಕೊಂಡಾಗ ನನ್ನ ನೋವು ಬಹಳ ಮಟ್ಟಿಗೆ ಇಳಿಯಿತು. ವೈದ್ಯರು ಹೆಚ್ಚಿನ ಒತ್ತಡ ನಿಗದಿಪಡಿಸಿದವರಿಗೆ ಗಾಳಿ ಮೂಗಿನೊಳಗೆ ಚುಚ್ಚಿದಂತೆ ನುಗ್ಗಬಹುದು. ಅಂಥವರಿಗೆ ನಾಸಲ್ ಮಾಸ್ಕೇ ಹಿತವೆಂದು ನನ್ನ ಅಭಿಪ್ರಾಯ.

ಈ ಎರಡಕ್ಕೂ ಒಂದೇ ಶತ್ರು, ಬಾಯಿ. ಕುಶನ್ ಸದ್ದಿಲ್ಲದೆ ಕೂತಿದ್ದರೂ ಸೋರಿಕೆಯ ಅಂಕಿ ಏರಿದೆ, ಎದ್ದಾಗ ನಾಲಿಗೆ ಒಣಗಿ ಅಂಗುಳಕ್ಕೆ ಅಂಟಿದೆ ಎಂದರೆ ಗಾಳಿ ಮೂಗಿನಿಂದ ಹೋಗಿ ಬಾಯಿಂದ ಹೊರಬಂದಿದೆ ಎಂದೇ ತಿಳಿಯಬೇಕು. ಇದಕ್ಕೆ ಮಾಸ್ಕ್ ಬದಲಿಸುವ ಮೊದಲು ಮೂಗನ್ನು ನೋಡಿಕೊಳ್ಳಬೇಕು. ಒಣ ಗಾಳಿಗೆ ಮೂಗು ಕಟ್ಟುತ್ತದೆ, ಮೂಗು ಕಟ್ಟಿದರೆ ಬಾಯಿ ತೆರೆಯುತ್ತದೆ, ಬಾಯಿ ತೆರೆದರೆ ಮೂಗು ಇನ್ನಷ್ಟು ಒಣಗುತ್ತದೆ. ಗಾಳಿಗೆ ಬೆಚ್ಚಗಿನ ತೇವ ಕೂಡಿಸುವ ಹ್ಯುಮಿಡಿಫೈಯರನ್ನು ಒಂದೆರಡು ಹಂತ ಏರಿಸಿದ್ದರಿಂದ ನನಗಾದ ಉಪಕಾರ ಬಾಯಿ ತೆರೆಯದಂತೆ ಕಟ್ಟುವ ಗಲ್ಲದ ಪಟ್ಟಿಯಿಂದ ಆಗಲಿಲ್ಲ. ಪಟ್ಟಿ ದವಡೆಯನ್ನು ಎತ್ತಿ ಹಿಡಿಯಿತು, ತುಟಿಯ ಸಂದಿಯಿಂದ ಗಾಳಿ ಹೋಗುವುದು ನಿಲ್ಲಲಿಲ್ಲ. ತುಟಿಗೆ ಟೇಪ್ ಅಂಟಿಸುವವರೂ ಇದ್ದಾರೆ. ವೈದ್ಯರನ್ನು ಕೇಳದೆ ಅದಕ್ಕೆ ಕೈಹಾಕಬೇಡಿ ಎಂದು ಕಳಕಳಿಯಿಂದ ಹೇಳುತ್ತೇನೆ.

ಫುಲ್ ಫೇಸ್ ಮಾಸ್ಕ್ ಮೂಗು, ಬಾಯಿ ಎರಡನ್ನೂ ಮುಚ್ಚುವುದರಿಂದ ಬಾಯಿಯ ಸಮಸ್ಯೆ ಅಲ್ಲಿಗೇ ಮುಗಿಯಿತೆಂದು ಅನ್ನಿಸುತ್ತದೆ. ಆದರೆ ಮುಖದ ಮೇಲೆ ಇಷ್ಟು ಉದ್ದದ ಅಂಚು ಹಿಡಿದು ಕೂರಬೇಕು. ಗಾಢ ನಿದ್ದೆಯಲ್ಲಿ ದವಡೆ ಇಳಿದ ಕೂಡಲೇ ಗಲ್ಲದ ಬಳಿ ಸಂದಿ ಬೀಳುತ್ತದೆ, ಪುಸ್ ಪುಸ್ ಎಂದು ಗಾಳಿ ಹೊರಡುತ್ತದೆ. ಕೆಳಗಿನ ಪಟ್ಟಿ ಬಿಗಿದರೆ ದವಡೆ ಹಿಂದಕ್ಕೆ ಸರಿದು ಗಂಟಲು ಇನ್ನಷ್ಟು ಕಿರಿದಾಗಬಹುದು. ಈ ಮಾಸ್ಕ್‌ಗೆ ಕೆಲವರಲ್ಲಿ ಹೆಚ್ಚು ಒತ್ತಡ ಬೇಕಾಗುವುದಕ್ಕೆ ಇದೂ ಒಂದು ಕಾರಣ. ನನ್ನ ಪ್ರಶ್ನೆಗೆ ಇದರ ಉತ್ತರ ಪ್ರತಿಸಲವೂ ಇಲ್ಲವೆಂದೇ ಬಂತು. ಎದ್ದು ಕೂತು, ದೀಪ ಹಾಕಿ, ಪಟ್ಟಿಗಳನ್ನೆಲ್ಲ ಸಡಿಲಿಸಿ ಮತ್ತೆ ಮೊದಲಿನಿಂದ ಕೂರಿಸಬೇಕು. ಹಾಗಿದ್ದರೂ ಮೂಗಿನ ದಾರಿಯೇ ಕಟ್ಟಿರುವವರಿಗೆ ಇದನ್ನು ಬಿಟ್ಟರೆ ಗತಿಯಿಲ್ಲ. ನೆಗಡಿಯ ದಿನಗಳಿಗೆಂದು ನಾನೂ ಒಂದನ್ನು ಇಟ್ಟುಕೊಂಡಿದ್ದೇನೆ.

ಯಾವ ಬಗೆಯನ್ನೇ ಆರಿಸಿ, ಕನ್ನಡಿಯ ಮುಂದೆ ಕೂತು ಅಳತೆ ನೋಡಬೇಡಿ. ಮಲಗಿದಾಗ ಮುಖದ ಮಾಂಸ ಬೇರೆ ಕಡೆ ಜಾರುತ್ತದೆ. ನಿಮ್ಮ ಒತ್ತಡದಲ್ಲೇ ಯಂತ್ರ ಓಡಿಸಿ, ಮಲಗುವ ಭಂಗಿಯಲ್ಲೇ ಪಟ್ಟಿ ಹೊಂದಿಸಿ, ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಹೊರಳಿ ನೋಡಿ. ಕೊಳವೆಯನ್ನು ತಲೆಯ ಮೇಲಿನಿಂದ ಹಾಯಿಸಿದರೆ ಹೊರಳುವಾಗ ಅದು ಮಾಸ್ಕನ್ನು ಜಗ್ಗುವುದಿಲ್ಲ. ಚರ್ಮದ ಎಣ್ಣೆ ಅಂಟಿದ ಕುಶನ್ ಜಾರುತ್ತದೆ, ಆದ್ದರಿಂದ ದಿನವೂ ಸೌಮ್ಯ ಸಾಬೂನಿನಲ್ಲಿ ತೊಳೆಯಬೇಕು. ಪಟ್ಟಿಯ ಕೊಂಡಿಯಲ್ಲಿ ಅಯಸ್ಕಾಂತವಿರುವ ಮಾಸ್ಕ್‌ಗಳೂ ಇವೆ: ಪೇಸ್‌ಮೇಕರ್‌ನಂಥ ಸಾಧನ ದೇಹದಲ್ಲಿದ್ದರೆ, ಅಥವಾ ಪಕ್ಕದಲ್ಲಿ ಮಲಗುವವರಿಗೆ ಇದ್ದರೆ, ಅಂಥದ್ದನ್ನು ಕೊಳ್ಳುವ ಮೊದಲು ವೈದ್ಯರಿಗೆ ತೋರಿಸಿ.