ವೇಷದ ಫೋಟೊಕ್ಕೆ ಕ್ವಿಕ್ ಮಾಸ್ಕೋ, ಲೇಯರ್ ಮಾಸ್ಕೋ?

ಉಡುಪಿ ರಥಬೀದಿಯ ಯಕ್ಷಗಾನ ಆಟದಲ್ಲಿ ತೆಗೆದ ವೇಷದ ಫೋಟೊದ ಹಿನ್ನೆಲೆ ಬದಲಿಸಲು ಈ ಎರಡು ಮಾಸ್ಕ್‌ಗಳಲ್ಲಿ ಯಾವುದು ಹಿಡಿಸೀತು ಎಂದು ಕೇಳಿದ್ದೀರಿ.

ಬೇಗ ಮುಗಿಯುವುದು ಕ್ವಿಕ್ ಮಾಸ್ಕ್, ಅಂದರೆ ಬೇಕಾದ ಭಾಗವನ್ನು ಬ್ರಷ್‌ನಿಂದ ಗುರುತಿಸಿ ಆಯ್ಕೆ ಮಾಡುವ ತಾತ್ಕಾಲಿಕ ವಿಧಾನ. ಫೋಟೊಶಾಪ್‌ನಲ್ಲಿ ಕ್ಯೂ ಒತ್ತಿದರೆ ಆಯ್ಕೆಯಾಗದ ಭಾಗ ಕೆಂಪಾಗಿ ಕಾಣುತ್ತದೆ. ಬ್ರಷ್‌ನಿಂದ ತಿದ್ದಿ, ಮತ್ತೆ ಕ್ಯೂ. ಆದರೆ ಆಯ್ಕೆಯನ್ನು ಸೇವ್ ಮಾಡದೆ ಫೈಲ್ ಮುಚ್ಚಿದರೆ ಪಟ್ಟ ಶ್ರಮವೆಲ್ಲ ಹೋಯಿತು.

ಲೇಯರ್ ಮಾಸ್ಕ್ ಎಂದರೆ ಚಿತ್ರದ ಪದರಕ್ಕೆ (ಲೇಯರ್) ಅಂಟಿಸಿದ ಮರೆ. ಅದರಲ್ಲಿ ಕಪ್ಪು ಮರೆಸುತ್ತದೆ, ಬಿಳಿ ತೋರಿಸುತ್ತದೆ, ಬೂದು ಅರ್ಧಂಬರ್ಧ ಕಾಣಿಸುತ್ತದೆ. ಮೂಲ ಚಿತ್ರ ಅಳಿಯುವುದಿಲ್ಲ. ವೇಷದ ತಲೆಯುಡುಗೆಯಾದ ಕೇದಗೆ ಮುಂದಲೆಯ ಅಂಚಿಗೆ ಗಟ್ಟಿ ಬ್ರಷ್, ಇಳಿಬಿಟ್ಟ ಕೂದಲಿಗೆ ಮೆದು ಬ್ರಷ್. ತಿಂಗಳು ಕಳೆದರೂ ತಿದ್ದಬಹುದು. ಫೈಲನ್ನು ಫೋಟೊಶಾಪ್‌ನ ಸ್ವಂತ ಬಗೆಯಾದ ಪಿಎಸ್‌ಡಿಯಾಗಿಯೇ ಇಡಿ, ಜೆಪೆಗ್‌ನಲ್ಲಿ ಮಾಸ್ಕ್ ಉಳಿಯುವುದಿಲ್ಲ.

ಖರ್ಚು ಬೇಡವೆಂದರೆ ಗಿಂಪ್ ಎಂಬ ತಂತ್ರಾಂಶ ಉಚಿತ, ಅದರಲ್ಲಿ ಎರಡೂ ಮಾಸ್ಕ್ ಇವೆ.

ಈ ರಾತ್ರಿಯೇ ವಾಟ್ಸಾಪ್‌ಗೆ ಕಳಿಸಬೇಕೆಂದಿದ್ದರೆ ಕ್ವಿಕ್ ಮಾಸ್ಕ್ ಸಾಕು. ಮೇಳದ ಫ್ಲೆಕ್ಸ್‌ಗಾದರೆ ಲೇಯರ್ ಮಾಸ್ಕ್. ಅಷ್ಟು ದೊಡ್ಡದರಲ್ಲಿ ಅಂಚಿನ ತಪ್ಪು ದೂರದಿಂದಲೇ ಕಾಣುತ್ತದೆ.