ಫಂಕ್ಷನಲ್ ಎಂಆರ್‌ಐ: ಮೆಷಿನ್‌ಗೆ ಫುಲ್ ಮಾರ್ಕ್ಸ್, ಸೆಂಟರ್‌ಗೆ ಮೂರೇ ಸ್ಟಾರ್

ತಲೆಯ ಎಡಗಡೆ ಒಂದು ಚಿಕ್ಕ ಗಡ್ಡೆ ಇದೆ, ಆಪರೇಷನ್‌ಗೆ ಮುಂಚೆ ಮಾತಿನ ಜಾಗ ಎಲ್ಲಿದೆ ಅಂತ ನೋಡಿಕೊಳ್ಳಬೇಕು, ಫಂಕ್ಷನಲ್ ಎಂಆರ್‌ಐ (ಮಿದುಳಿನ ಯಾವ ಜಾಗ ಯಾವ ಕೆಲಸ ಮಾಡುತ್ತದೆ ಅಂತ ದೊಡ್ಡ ಅಯಸ್ಕಾಂತದ ಮೆಷಿನ್‌ನಲ್ಲಿ ನೋಡುವ ಸ್ಕ್ಯಾನ್) ಮಾಡಿಸಿಕೊಂಡು ಬನ್ನಿ ಅಂತ ಡಾಕ್ಟರ್ ಬರೆದುಕೊಟ್ಟರು. ಹೋದ ತಿಂಗಳು ಬೆಂಗಳೂರಿನ ಒಂದು ಸ್ಕ್ಯಾನಿಂಗ್ ಸೆಂಟರ್‌ನಲ್ಲಿ ಮಾಡಿಸಿದೆ. ಹೆಸರು ಹೇಳುವುದಿಲ್ಲ, ಜಗಳ ನನಗೆ ಬೇಕಿಲ್ಲ.

ಮೊದಲು ಒಳ್ಳೆಯದು ಹೇಳಿಬಿಡುತ್ತೇನೆ. ಜಾಗ ಚೊಕ್ಕವಾಗಿದೆ. ತಾಳಿ, ಓಲೆ, ಕಾಲುಂಗುರ, ಜಡೆಯ ಪಿನ್ನು ಎಲ್ಲ ತೆಗೆಸಿ, ಮತ್ತೆ ಎರಡು ಸಲ ಕೇಳಿದರು. 3 ಟೆಸ್ಲಾ ಮೆಷಿನ್, ಅಂದರೆ ಭೂಮಿಯ ಕಾಂತಶಕ್ತಿಯ ಸುಮಾರು 60,000 ಪಟ್ಟು, ಅಷ್ಟು ಹುಷಾರು ಬೇಕೇ ಬೇಕು. ಸೂಜಿ ಚುಚ್ಚಲಿಲ್ಲ. ಸದ್ದು ಮಾತ್ರ ಬೋರ್‌ವೆಲ್ ಲಾರಿ ಪಕ್ಕ ಮಲಗಿದ ಹಾಗೆ.

ಮೊದಲ ಪರೀಕ್ಷೆ ಸುಲಭ. ಹಸಿರು ಬಣ್ಣ ಬಂದರೆ ಬಲಗೈ ಬೆರಳುಗಳನ್ನು ಒಂದೊಂದಾಗಿ ಹೆಬ್ಬೆರಳಿಗೆ ಮುಟ್ಟಿಸಬೇಕು, ಕೆಂಪು ಬಂದರೆ ಸುಮ್ನೆ ಇರಬೇಕು. ತಕರಾರು ಶುರುವಾಗಿದ್ದು ಮಾತಿನ ಪರೀಕ್ಷೆಯಲ್ಲಿ. ಪರದೆ ಮೇಲೆ ಇಂಗ್ಲಿಷ್‌ನ 'ಎಸ್' ಬಂತು, ಅದರಿಂದ ಶುರುವಾಗುವ ಪದಗಳನ್ನು ಮನಸ್ಸಿನಲ್ಲೇ ಹೇಳಿಕೊಳ್ಳಬೇಕಂತೆ. ನಾನು ಹತ್ತನೇ ಕ್ಲಾಸಿನ ತನಕ ಕನ್ನಡ ಮೀಡಿಯಂ. ಸೋಪು, ಸ್ಕೂಲು ಆಯಿತು, ಆಮೇಲೆ ಸೊಪ್ಪು, ಸಾರು, ಸೌತೆಕಾಯಿ ಬಂದುಬಿಟ್ಟವು. ಇವು ಲೆಕ್ಕಕ್ಕೆ ಬರುತ್ತವಾ ಇಲ್ಲವಾ ಅಂತ ಯೋಚಿಸುವಷ್ಟರಲ್ಲಿ ಟೈಮ್ ಮುಗಿಯಿತು. ಕೇಳೋಣ ಅಂದರೆ ತಲೆ ಅಲ್ಲಾಡಿಸುವ ಹಾಗಿಲ್ಲ. ಎರಡು ದಿನ ಬಿಟ್ಟು ಫೋನ್ ಬಂತು: "ಮೇಡಂ, ಚಿತ್ರ ಸರಿಯಾಗಿ ಬಂದಿಲ್ಲ, ಇನ್ನೊಂದ್ಸಲ ಬನ್ನಿ." ನಾನು ಅಲ್ಲಾಡಿದ್ದೇ ಕಾರಣ ಅನ್ನುವ ಧಾಟಿ ಬೇರೆ.

ಅಷ್ಟು ದುಡ್ಡು ಕಟ್ಟಿದವಳಿಗೆ ಇದು ಹೇಗೆ ಕೆಲಸ ಮಾಡುತ್ತದೆ ಅಂತ ತಿಳಿಯುವ ಹಠ ಬಂತು. ಓದುತ್ತಾ ಹೋದರೆ ಸಿಕ್ಕಿದವರು ಈ ಸ್ಕ್ಯಾನ್‌ನ ಮೂಲ ತತ್ವ ಕಂಡುಹಿಡಿದ ವಿಜ್ಞಾನಿ ಸೇಯ್ಜಿ ಒಗಾವಾ. 1934ರಲ್ಲಿ ಟೋಕಿಯೋದಲ್ಲಿ ಹುಟ್ಟಿದವರು. ಅಲ್ಲಿ ಫಿಸಿಕ್ಸ್ ಓದಿ, ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಕೆಮಿಸ್ಟ್ರಿಯಲ್ಲಿ ಪಿಎಚ್‌ಡಿ ಮಾಡಿ, 1968ರಲ್ಲಿ ನ್ಯೂಜೆರ್ಸಿಯ ಬೆಲ್ ಲ್ಯಾಬ್ಸ್ ಸೇರಿದರು. ಟೆಲಿಫೋನ್ ಕಂಪನಿಯ ಲ್ಯಾಬು! 2001ರ ತನಕ ಅಲ್ಲೇ ಇದ್ದರು. ಇಲಿಯ ಮಿದುಳಿನ ಚಿತ್ರ ತೆಗೆಯುವಾಗ ರಕ್ತನಾಳಗಳು ಕಪ್ಪು ಗೆರೆಗಳಾಗಿ ಕಾಣುತ್ತಿದ್ದವು. ಅದೇ ಇಲಿಗೆ ಬರೀ ಆಕ್ಸಿಜನ್ ಕೊಟ್ಟರೆ ಗೆರೆಗಳು ಮಾಯ. ಆಕ್ಸಿಜನ್ ಕಳೆದುಕೊಂಡ ಹಿಮೋಗ್ಲೋಬಿನ್‌ಗೆ ಕಾಂತಗುಣ ಇರುತ್ತದೆ ಅಂತ ಪಾಲಿಂಗ್ ಮತ್ತು ಕೊರಿಯೆಲ್ ಅನ್ನುವ ಇಬ್ಬರು ಕೆಮಿಸ್ಟ್ರಿ ವಿಜ್ಞಾನಿಗಳು 1936ರಲ್ಲೇ ತೋರಿಸಿದ್ದರು. ಆ ಹಳೇ ವಿಷಯವನ್ನು ಮಿದುಳಿನ ಕೆಲಸ ನೋಡುವುದಕ್ಕೆ ಬಳಸಬಹುದಲ್ವಾ ಅಂತ 1990ರಲ್ಲಿ ಬರೆದವರು ಒಗಾವಾ ಮತ್ತು ಅವರ ಜೊತೆಗಾರರು. 1992ಕ್ಕೆ ಮಿನೆಸೋಟಾದ ಕಾಮಿಲ್ ಉಗುರ್ಬಿಲ್ ತಂಡದ ಜೊತೆ ಸೇರಿ ಮನುಷ್ಯರಲ್ಲೇ ಮಾಡಿ ತೋರಿಸಿದರು. 2003ರಲ್ಲಿ ಎಂಆರ್‌ಐಗೆ ನೊಬೆಲ್ ಬಂದಾಗ ಅದು ಲಾಟರ್‌ಬರ್ ಮತ್ತು ಮ್ಯಾನ್ಸ್‌ಫೀಲ್ಡ್ ಅವರಿಗೆ ಹೋಯಿತು, ಒಗಾವಾಗೆ ಅದೇ ವರ್ಷ ಜಪಾನ್ ಪ್ರೈಜ್. ನನ್ನನ್ನು ಕೇಳಿದರೆ ನೊಬೆಲ್ಲೇ ಕೊಡಬೇಕಿತ್ತು.

ಮಿದುಳಿನ ಒಂದು ಜಾಗ ಕೆಲಸ ಶುರು ಮಾಡಿದರೆ ಅಲ್ಲಿಗೆ ರಕ್ತ ಬೇಕಾದ್ದಕ್ಕಿಂತ ಜಾಸ್ತಿ ಹರಿಯುತ್ತದೆ, ಮದುವೆಮನೆಯಲ್ಲಿ ನೂರು ಜನಕ್ಕೆ ನೂರೈವತ್ತು ಎಲೆಯ ಅಡುಗೆ ಮಾಡಿದ ಹಾಗೆ. ಆಕ್ಸಿಜನ್ ತುಂಬಿದ ರಕ್ತ ಹೆಚ್ಚಾದಾಗ, ಚಿತ್ರ ಕಪ್ಪು ಮಾಡುವ ಆ ಕಾಂತಗುಣ ಕಮ್ಮಿಯಾಗಿ, ಅಲ್ಲಿ ಚಿತ್ರ ಒಂಚೂರು ಬೆಳ್ಳಗಾಗುತ್ತದೆ. ಒಂಚೂರು ಅಷ್ಟೇ, ಅದೂ ಐದಾರು ಸೆಕೆಂಡ್ ತಡವಾಗಿ. ಅದಕ್ಕೇ ಮಾಡು, ನಿಲ್ಲಿಸು, ಮತ್ತೆ ಮಾಡು ಅಂತ ಅಷ್ಟು ಸಲ ಮಾಡಿಸುವುದು. ಮೆಷಿನ್‌ಗೆ ಕಾಣುವುದು ರಕ್ತ, ನನ್ನ ಯೋಚನೆ ಅಲ್ಲ. ನಾನು ಪದ ಹುಡುಕುತ್ತಿದ್ದೀನಾ, ಗಾಬರಿ ಬಿದ್ದು ಸುಮ್ನೆ ಮಲಗಿದ್ದೀನಾ ಅದಕ್ಕೇನು ಗೊತ್ತು? ಅಷ್ಟು ದುಬಾರಿ ಮೆಷಿನ್ ತಂದಿಟ್ಟವರು ಕನ್ನಡ ಅಕ್ಷರದ ಒಂದು ಸ್ಲೈಡ್ ಮಾಡಿಟ್ಟಿರಲಿಲ್ಲ, ಅದೂ ಬೆಂಗಳೂರಲ್ಲಿ.

ಎರಡನೇ ಸಲ ಹೋದಾಗ ಇದನ್ನೇ ಹೇಳಿದೆ. ಹಾಸನದ ಕಡೆಯ ಹುಡುಗನೊಬ್ಬ ಆಪರೇಟರ್ ಇದ್ದ, ಪುಣ್ಯಾತ್ಮ. "ಹೌದಲ್ವಾ ಅಕ್ಕ" ಅಂತ ಅಲ್ಲೇ ಕೂತು 'ಕ', 'ಮ', 'ಬ' ಟೈಪ್ ಮಾಡಿದ. ಒಳಗೆ ಹೋಗುವ ಮುಂಚೆ ಹೊರಗೆ ಕೂರಿಸಿ ಒಂದು ಸಲ ಬಾಯಿಬಿಟ್ಟು ಹೇಳಿಸಿದ. ಕಡುಬು, ಕತ್ತರಿ, ಕಬ್ಬು, ಕಂಬಳಿ, ಕಾಗೆ... ನಿಲ್ಲಿಸು ಅಂದರೂ ನಿಲ್ಲಲಿಲ್ಲ ನನಗೆ. ಈ ಸಲ ಚಿತ್ರ ಚೆನ್ನಾಗಿ ಬಂತು. ಡಾಕ್ಟರ್ ಕಂಪ್ಯೂಟರ್‌ನಲ್ಲಿ ಕಿತ್ತಳೆ ಬಣ್ಣದ ಜಾಗ ತೋರಿಸಿದರು. ಗಡ್ಡೆಗೆ ಹತ್ತಿರ ಇದೆ, ಆದರೆ ಅಂಟಿಕೊಂಡಿಲ್ಲ.

ಎರಡನೇ ಸ್ಕ್ಯಾನ್‌ಗೆ ದುಡ್ಡು ತೆಗೆದುಕೊಳ್ಳಲಿಲ್ಲ, ಆದರೆ ಸಿ.ಡಿ.ಗೆ ಮತ್ತೆ ಚಾರ್ಜ್ ಹಾಕಿದರು. ಮೂರು ಸ್ಟಾರ್, ಅದರಲ್ಲಿ ಒಂದು ಆ ಹುಡುಗನದು. ನೀವು ಎಲ್ಲೇ ಮಾಡಿಸಿ, ಬುಕ್ ಮಾಡುವಾಗಲೇ ಮಾತಿನ ಪರೀಕ್ಷೆ ಕನ್ನಡದಲ್ಲಿ ಇದೆಯಾ ಅಂತ ಕೇಳಿ. ಇಲ್ಲ ಅಂದರೆ ಸ್ಕ್ಯಾನ್‌ಗೆ ಅರ್ಧ ಗಂಟೆ ಮುಂಚೆ ಹೋಗಿ ಸ್ಲೈಡ್ ಮಾಡಿಸಿಕೊಳ್ಳಿ.